ಕಲಿಸದಿದ್ದರೂ ಕಲಿಯುವ ಪಾಠ

ನಮ್ಮ ಸರಕಾರಿ ಪ್ರಾಥಮಿಕ ಶಾಲೆಗಳ ವೇಳಾಪಟ್ಟಿಯಲ್ಲಿ ಧರ್ಮ ಎಂಬ ವಿಷಯವಿಲ್ಲ. ಅದಕ್ಕೊಂದು ಪೀರಿಯಡ್ ಇಲ್ಲ, ಪರೀಕ್ಷೆ ಇಲ್ಲ, ಅದನ್ನು ಕಲಿಸುವುದಕ್ಕೆಂದೇ ನೇಮಕವಾದ ಮೇಷ್ಟ್ರೂ ಇಲ್ಲ. ಹಾಗೆಂದು ಮಗು ಶಾಲೆಯಲ್ಲಿ ಧರ್ಮದ ಬಗ್ಗೆ ಏನೂ ಕಲಿಯುವುದಿಲ್ಲ ಎಂದುಕೊಂಡರೆ ಅದು ನಮ್ಮ ಭ್ರಮೆ. ಬೆಳಗಿನ ಪ್ರಾರ್ಥನೆಯಲ್ಲಿ ಯಾವ ದೇವರ ಹೆಸರು ಬರುತ್ತದೆ, ಹೆಡ್‌ಮಾಸ್ಟರ ಕೋಣೆಯ ಗೋಡೆಯ ಮೇಲೆ ಯಾರ ಪಟಗಳಿವೆ, ಯಾವ ಪೂಜೆಗೆ ಮಕ್ಕಳ ಕೈಲಿ ಹೂವು ಹಣ್ಣು ತರಿಸುತ್ತಾರೆ, ಹಾಜರಿ ಕೂಗುವಾಗ ಯಾರ ಹೆಸರಿಗೆ ಟೀಚರ ನಾಲಿಗೆ ತೊಡರುತ್ತದೆ, ಇವೆಲ್ಲ ಮಗು ದಿನವೂ ಓದುವ ಪಾಠಗಳೇ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿ, ಆಮೇಲೆ ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಮೊದಮೊದಲು ಚಿಕ್ಕಿಯೂ ಇತ್ತು. ಪೌಷ್ಟಿಕತೆಯ ದೃಷ್ಟಿಯಿಂದ ಒಳ್ಳೆಯ ಯೋಜನೆ. ಆದರೆ ಊಟದ ಸಾಲಿನಲ್ಲಿ ಯಾರು ಮೊಟ್ಟೆಗೆ ಕೈಚಾಚಿದರು, ಯಾರು ಹಣ್ಣಿಗೆ ಎಂಬುದನ್ನು ಪಕ್ಕದಲ್ಲಿ ಕೂತ ಏಳು ವರ್ಷದ ಮಗು ನೋಡುತ್ತದೆ. ಯಾಕೆ ಹೀಗೆ ಎಂದು ಅದಕ್ಕೆ ಯಾರೂ ಹೇಳುವುದಿಲ್ಲ. ರಜೆಗಳದ್ದೂ ಇದೇ ಕಥೆ. ಯುಗಾದಿ, ರಂಜಾನ್, ಮಹಾವೀರ ಜಯಂತಿ, ಗುಡ್ ಫ್ರೈಡೆ, ಕನಕ ಜಯಂತಿ ಎಂದು ವರ್ಷವಿಡೀ ಪಟ್ಟಿ ಓದಿ ಹೇಳುತ್ತೇವೆ. ಮಕ್ಕಳಿಗೆ ರಜೆ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಹೀಗೆ ಶಾಲೆ ಬಿಟ್ಟ ಜಾಗವನ್ನು ತುಂಬುವವರು ಬೇಕಾದಷ್ಟು ಜನರಿದ್ದಾರೆ. ಮನೆಯ ಹಿರಿಯರು ಆಡುವ ಮಾತು, ಬೀದಿಯ ಹುಡುಗರ ಜಗಳ, ಈಗ ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನ ಮೊಬೈಲಿನಲ್ಲಿ ಓಡುವ ವಿಡಿಯೊಗಳು. ದೆಹಲಿಯ ದರಿಯಾಗಂಜ್‌ನಲ್ಲಿ ನಾಲ್ಕರಿಂದ ಎಂಟು ವರ್ಷದ ಮಕ್ಕಳೊಡನೆ ಮಾತಾಡಿ ಲತಿಕಾ ಗುಪ್ತಾ ನಡೆಸಿದ ಅಧ್ಯಯನವೊಂದು 2008ರಲ್ಲಿ ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟವಾಯಿತು. ಹಿಂದೂ ಆಗಿ, ಮುಸ್ಲಿಮನಾಗಿ ಬೆಳೆಯುವುದು ಎಷ್ಟು ಬೇಗ ಶುರುವಾಗುತ್ತದೆ ಎಂಬುದೇ ಅದರ ಪ್ರಶ್ನೆ. ತಾನು ಯಾರ ಪೈಕಿ, ಎದುರಿನವರು ಯಾರು ಎಂಬ ಅರಿವು ಆ ಎಳೆಯ ವಯಸ್ಸಿಗಾಗಲೇ ಮೂಡಿರುತ್ತದೆ ಎಂಬುದು ಅದರಿಂದ ತಿಳಿದುಬರುವ ಉತ್ತರ. ಬೇರೆ ದೇಶಗಳಲ್ಲಿ ಬಣ್ಣ, ಜನಾಂಗಗಳ ಕುರಿತು ಮಕ್ಕಳೊಡನೆ ನಡೆದ ಸಂಶೋಧನೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಐದರಿಂದ ಏಳು ವರ್ಷದೊಳಗೆ ತನ್ನ ಗುಂಪಿನ ಮೇಲಿನ ಒಲವು ಗಟ್ಟಿಯಾಗುತ್ತದೆ. ಅಂದಮೇಲೆ ‘ಅವು ಇನ್ನೂ ಚಿಕ್ಕ ಮಕ್ಕಳು, ಈಗಲೇ ಇದೆಲ್ಲ ಯಾಕೆ’ ಎನ್ನುವ ಮಾತಿಗೆ ಆಧಾರ ಉಳಿಯುವುದಿಲ್ಲ. ಒಂದನೇ ಕ್ಲಾಸಿಗೆ ಬರುವ ಮಗು ಖಾಲಿ ಸ್ಲೇಟು ಹಿಡಿದು ಬಂದಿರುವುದಿಲ್ಲ. ಧರ್ಮದ ಬಗ್ಗೆ ಪ್ರಾಥಮಿಕ ಶಾಲೆ ಮಾತಾಡಬೇಕೇ ಎಂಬ ಪ್ರಶ್ನೆಯನ್ನು ನಾವು ಕೇಳುವ ಹೊತ್ತಿಗೆ ಶಾಲೆ ತನಗರಿಯದಂತೆಯೇ ಮಾತಾಡಿಯಾಗಿರುತ್ತದೆ. ಉಳಿಯುವುದು ಹೇಗೆ ಮಾತಾಡಬೇಕು ಎಂಬ ಪ್ರಶ್ನೆ. ನನ್ನ ಉತ್ತರ ಇಷ್ಟು: ತತ್ವಗಳ ಪಟ್ಟಿ ಬೇಡ, ನೀತಿಬೋಧೆ ಬೇಡ, ಹೊಸ ಪುಸ್ತಕವೂ ಬೇಡ. ಸುತ್ತಲಿನ ಜನ ಹೇಗೆ ಬದುಕುತ್ತಾರೆ ಎಂಬುದನ್ನು, ಅವರ ನಂಬಿಕೆಯನ್ನೂ ಸೇರಿಸಿ, ಈಗಿರುವ ಪರಿಸರ ಅಧ್ಯಯನ, ಭಾಷೆ, ಗಣಿತಗಳ ಒಳಗೇ ಕಲಿಸಬೇಕು.

ಇದಕ್ಕೆ ಮೊದಲು ಏಳುವ ಆಕ್ಷೇಪ ಸಂವಿಧಾನದ್ದು. ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು 28ನೇ ವಿಧಿ ಖಡಾಖಂಡಿತವಾಗಿ ಹೇಳುತ್ತದೆ. ಸರಕಾರದ ಮಾನ್ಯತೆ ಇಲ್ಲವೇ ನೆರವು ಪಡೆದ ಶಾಲೆಯಲ್ಲಿ ಕೂಡ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಪಾಠದಲ್ಲಾಗಲಿ ಪೂಜೆಯಲ್ಲಾಗಲಿ ಕೂರಿಸುವಂತಿಲ್ಲ. ಹಾಗಾದರೆ ಬುದ್ಧನ ಕಥೆ, ಪೈಗಂಬರರ ಕಥೆ ಹೇಳುವುದೂ ತಪ್ಪೇ? ಈ ಗೊಂದಲವನ್ನು 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಚೆನ್ನಾಗಿ ಬಿಡಿಸಿತ್ತು. ಒಂದು ಧರ್ಮವನ್ನು ನಂಬುವಂತೆ, ಆಚರಿಸುವಂತೆ ಕಲಿಸುವುದು ಒಂದು. ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದು ಇನ್ನೊಂದು. ಹಲವು ಧರ್ಮಗಳ ದೇಶದ ಜಾತ್ಯತೀತ ಸರಕಾರ ಮೊದಲನೆಯದನ್ನು ಮಾಡಲಾಗದು. ಎರಡನೆಯದನ್ನು ಮಾಡಲೇಬೇಕು, ಪೌರನೀತಿಯ ಅಂಗವಾಗಿ ಶಾಲೆಯಿಂದ ಮೊದಲ ಪದವಿಯವರೆಗೆ ಮುಖ್ಯ ಧರ್ಮಗಳ ಕುರಿತು ಆಯ್ದ ಮಾಹಿತಿ ಕೊಡಬೇಕು ಎಂದು ಆಯೋಗ ಶಿಫಾರಸು ಮಾಡಿತು. ನ್ಯಾಯಾಲಯಗಳೂ ಇದೇ ದಾರಿ ಹಿಡಿದವು. 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಗುರು ನಾನಕರ ಬದುಕು ಮತ್ತು ಉಪದೇಶಗಳ ಅಧ್ಯಯನವನ್ನು ಧಾರ್ಮಿಕ ಬೋಧನೆ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2002ರ ಅರುಣಾ ರಾಯ್ ಪ್ರಕರಣದಲ್ಲಿ, 28ನೇ ವಿಧಿಯ ತಡೆ ಧರ್ಮಗಳ ಕುರಿತ ಶಿಕ್ಷಣಕ್ಕೆ ಅನ್ವಯಿಸುವುದಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿತು. ಕಾನೂನಿನ ಬಾಗಿಲು ತೆರೆದೇ ಇದೆ.

ತೆರೆದ ಬಾಗಿಲಿನಿಂದ ಒಳಗೆ ಬಂದದ್ದು ಮಾತ್ರ ಬೇರೆ. 1960ರಲ್ಲಿ ವರದಿ ಕೊಟ್ಟ ಶ್ರೀಪ್ರಕಾಶ ಸಮಿತಿಯ ಕಾಲದಿಂದಲೂ ನಮ್ಮ ಶಿಕ್ಷಣ ಇಲಾಖೆಗಳಿಗೆ ಹಿಡಿಸಿದ್ದು ನೀತಿಪಾಠ, ಈಚಿನ ಹೆಸರಿನಲ್ಲಿ ಹೇಳುವುದಾದರೆ ಮೌಲ್ಯಶಿಕ್ಷಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಏರ್ಪಾಡು ಇದು. ಎಲ್ಲ ಧರ್ಮಗಳೂ ಸತ್ಯ, ಅಹಿಂಸೆ, ದಯೆಯನ್ನೇ ಹೇಳುತ್ತವೆ, ದೇವನೊಬ್ಬ ನಾಮ ಹಲವು ಎಂದು ಬೋರ್ಡಿನ ಮೇಲೆ ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ಮಗುವಿಗೆ ಇದರಿಂದ ಏನು ತಿಳಿಯಿತು ಎಂದು ಕೇಳಿದರೆ ಉತ್ತರ ಕಷ್ಟ. ಜೈನರು ಯಾಕೆ ಸಂಜೆಯೊಳಗೆ ಉಣ್ಣುತ್ತಾರೆ, ಪಕ್ಕದ ಮನೆಯ ಅಜ್ಜ ಯಾಕೆ ದಿನಕ್ಕೆ ಐದು ಸಲ ನಮಾಜು ಮಾಡುತ್ತಾರೆ, ಬೈಲುಕುಪ್ಪೆಯ ಭಿಕ್ಷುಗಳು ಯಾಕೆ ತಲೆ ಬೋಳಿಸಿಕೊಳ್ಳುತ್ತಾರೆ, ಇಂಥ ಒಂದು ಪ್ರಶ್ನೆಗೂ ಆ ವಾಕ್ಯ ಉತ್ತರಿಸುವುದಿಲ್ಲ. ಮಕ್ಕಳಿಗೆ ಕಾಣುವುದು ವ್ಯತ್ಯಾಸ. ನಾವು ಹೇಳುವುದು ವ್ಯತ್ಯಾಸವೇ ಇಲ್ಲ ಎಂದು. ತನ್ನ ಕಣ್ಣನ್ನು ನಂಬಬೇಕೋ ಟೀಚರ ಮಾತನ್ನೋ ಎಂಬ ಇಕ್ಕಟ್ಟಿನಲ್ಲಿ ಮಗು ಜಾಣತನದಿಂದ ಎರಡನ್ನೂ ಇಟ್ಟುಕೊಳ್ಳುತ್ತದೆ: ಒಂದು ಪರೀಕ್ಷೆಗೆ, ಇನ್ನೊಂದು ಬೀದಿಗೆ. ಇನ್ನೊಂದು ಕಡೆಯವರು ಮೌಲ್ಯಶಿಕ್ಷಣದ ಹೆಸರಿನಲ್ಲೇ ಒಂದು ಧರ್ಮದ ಗ್ರಂಥವನ್ನು ಶಾಲೆಗೆ ತರಬೇಕು ಎನ್ನುತ್ತಾರೆ. ಗ್ರಂಥ ಎಷ್ಟೇ ದೊಡ್ಡದಿರಲಿ, ಅದನ್ನು ಎಲ್ಲ ಮಕ್ಕಳೂ ಬಾಯಿಪಾಠ ಮಾಡಬೇಕು ಎಂದ ಗಳಿಗೆಯಲ್ಲೇ ಅದು ಕೊಠಾರಿ ಎಳೆದ ಗೆರೆಯ ಆಚೆಗೆ ಹೋಯಿತು.

ಈ ಗೆರೆಯ ಮೇಲೆ ನೂರೈವತ್ತು ವರ್ಷಗಳಿಂದ ನಡೆಯಲು ಯತ್ನಿಸುತ್ತಿರುವ ದೇಶ ಇಂಗ್ಲೆಂಡ್. ಅಲ್ಲಿ ಏನಾಯಿತು ಎಂದು ತುಸು ವಿವರವಾಗಿ ನೋಡುವುದು ಒಳ್ಳೆಯದು, ಯಾಕೆಂದರೆ ಅವರ ಸೋಲುಗಳು ಅವರ ಗೆಲುವುಗಳಷ್ಟೇ ಉಪಯುಕ್ತ. 1870ರ ಪ್ರಾಥಮಿಕ ಶಿಕ್ಷಣ ಕಾಯಿದೆ ಸಾರ್ವಜನಿಕ ಶಾಲೆಗಳಲ್ಲಿ ಬೈಬಲ್ ಓದಿಸಬಹುದು, ಯಾವೊಂದು ಪಂಗಡದ ಪ್ರಶ್ನೋತ್ತರ ಪಾಠವನ್ನೂ ಕಲಿಸಬಾರದು ಎಂದಿತು. 1944ರ ಕಾಯಿದೆ ಧಾರ್ಮಿಕ ಬೋಧನೆಯನ್ನೂ ದಿನದ ಪ್ರಾರ್ಥನೆಯನ್ನೂ ಕಡ್ಡಾಯ ಮಾಡಿ, ಬೇಡವೆಂದ ಪೋಷಕರಿಗೆ ಮಗುವನ್ನು ಹೊರಗಿಡುವ ಹಕ್ಕು ಕೊಟ್ಟಿತು. ಆಗ ಧಾರ್ಮಿಕ ಬೋಧನೆ ಎಂದರೆ ಕ್ರೈಸ್ತ ಧರ್ಮದ ಬೋಧನೆ ಎಂದೇ ಅರ್ಥ. ಯುದ್ಧದ ನಂತರ ಪಂಜಾಬ್, ಗುಜರಾತ್, ಪಾಕಿಸ್ತಾನ, ಕೆರಿಬಿಯನ್ ದ್ವೀಪಗಳಿಂದ ಬಂದವರ ಮಕ್ಕಳು ತರಗತಿಗಳಲ್ಲಿ ತುಂಬಿದಾಗ ಈ ಏರ್ಪಾಡು ಅಲುಗಾಡಿತು. 1975ರಲ್ಲಿ ಬರ್ಮಿಂಗ್‌ಹ್ಯಾಂ ನಗರ ತನ್ನ ಶಾಲೆಗಳಿಗೆ ಹಲವು ಧರ್ಮಗಳ ಪಠ್ಯಕ್ರಮ ರೂಪಿಸಿತು. ಮಾನವತಾವಾದ, ಕಮ್ಯುನಿಸಂಗಳಂಥ ದೇವರಿಲ್ಲದ ಜೀವನದೃಷ್ಟಿಗಳನ್ನೂ ಅದರಲ್ಲಿ ಸೇರಿಸಿದ್ದಕ್ಕೆ ದೊಡ್ಡ ಗದ್ದಲವೇ ಎದ್ದಿತು. 1988ರ ಕಾಯಿದೆ ರಾಜಿಸೂತ್ರವೊಂದನ್ನು ಹೆಣೆಯಿತು: ದೇಶದ ಪರಂಪರೆ ಮುಖ್ಯವಾಗಿ ಕ್ರೈಸ್ತವಾದದ್ದು ಎಂಬುದನ್ನು ಪಠ್ಯ ಬಿಂಬಿಸಬೇಕು, ಇತರ ಮುಖ್ಯ ಧರ್ಮಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಪಠ್ಯವನ್ನು ಲಂಡನ್ನಿನ ಸರಕಾರ ಬರೆಯುವುದಿಲ್ಲ. ಆಯಾ ಸ್ಥಳೀಯ ಆಡಳಿತದ ಮಟ್ಟದಲ್ಲಿ ಚರ್ಚ್ ಆಫ್ ಇಂಗ್ಲೆಂಡ್, ಇತರ ಪಂಥ ಮತ್ತು ಧರ್ಮಗಳು, ಶಿಕ್ಷಕರು, ಸ್ಥಳೀಯ ಆಡಳಿತ ಹೀಗೆ ನಾಲ್ಕು ಗುಂಪುಗಳು ಕೂತು ಒಪ್ಪಬೇಕು. ಒಂದೊಂದು ಗುಂಪಿಗೆ ಒಂದೊಂದೇ ಮತ, ನಾಲ್ಕೂ ಗುಂಪು ಒಪ್ಪಿದರೆ ಮಾತ್ರ ಪಠ್ಯ. ಸರಕಾರ ಬದಲಾದಂತೆ 2022ರಲ್ಲೊಮ್ಮೆ, 2023ರಲ್ಲೊಮ್ಮೆ ಪಾಠಗಳನ್ನು ಸೇರಿಸಿ ತೆಗೆದು ಗುದ್ದಾಡಿದ ನಮಗೆ ಈ ನಿಧಾನದ ಪದ್ಧತಿ ವಿಚಿತ್ರವಾಗಿ ಕಂಡೀತು. ಅದರ ಬಲ ಇರುವುದೇ ಆ ನಿಧಾನದಲ್ಲಿ. ಎಲ್ಲರ ಒಪ್ಪಿಗೆ ಪಡೆದ ಪಾಠವನ್ನು ಮರುವರ್ಷ ಕಿತ್ತುಹಾಕುವುದು ಸುಲಭವಲ್ಲ.

ಇಂಗ್ಲೆಂಡಿನ ಅನುಭವದಲ್ಲಿ ನಮಗೆ ಹೆಚ್ಚು ಹತ್ತಿರವಾಗುವುದು ಕಾಯಿದೆಗಿಂತ ತರಗತಿ. ಮೊದಲ ದಶಕಗಳ ಹಲವು ಧರ್ಮಗಳ ಪಾಠ ಮಾಡುತ್ತಿದ್ದದ್ದು ಒಂದೊಂದು ಧರ್ಮಕ್ಕೂ ಒಂದೊಂದು ಡಬ್ಬಿ: ಸ್ಥಾಪಕ, ಗ್ರಂಥ, ಪೂಜಾಸ್ಥಳ, ಹಬ್ಬ. ಈ ಡಬ್ಬಿಗಳಲ್ಲಿ ಹಿಂದೂ ಮಕ್ಕಳು ಹೇಗೂ ಹಿಡಿಸುತ್ತಿರಲಿಲ್ಲ, ಹಿಂದೂ ಧರ್ಮಕ್ಕೆ ಸ್ಥಾಪಕನೇ ಇಲ್ಲವಲ್ಲ. ವಾರ್ವಿಕ್ ವಿಶ್ವವಿದ್ಯಾಲಯದ ರಾಬರ್ಟ್ ಜಾಕ್ಸನ್ ಮತ್ತು ಎಲಿನರ್ ನೆಸ್ಬಿಟ್ ಹಿಂದೂ ಮನೆಗಳಿಗೆ ಹೋಗಿ, ಮಕ್ಕಳೊಡನೆ ಮಾತಾಡಿ, 1993ರಲ್ಲಿ ಬ್ರಿಟನ್ನಿನ ಹಿಂದೂ ಮಕ್ಕಳ ಕುರಿತು ಪುಸ್ತಕ ಬರೆದರು. ಗುಜರಾತಿ ಮನೆಯ ಹಿಂದೂ ಮಗುವಿನ ಬದುಕೇ ಬೇರೆ, ಪಂಜಾಬಿ ಮನೆಯದೇ ಬೇರೆ ಎಂಬುದು ಅದರಲ್ಲಿ ಕಾಣುತ್ತದೆ. ಜಾಕ್ಸನ್ ಇದರಿಂದ ಕಟ್ಟಿದ ವಿಧಾನ ಸರಳ. ಧರ್ಮವನ್ನು ಮೂರು ನೆಲೆಯಲ್ಲಿ ತೋರಿಸಬೇಕು: ಒಬ್ಬ ವ್ಯಕ್ತಿ, ಆ ವ್ಯಕ್ತಿಯ ಕುಟುಂಬ ಮತ್ತು ಸಮುದಾಯ, ಆಮೇಲೆ ದೊಡ್ಡ ಪರಂಪರೆ. ಮಗು ಮೊದಲು ಪರಿಚಯವಾಗಬೇಕಾದದ್ದು ಇನ್ನೊಂದು ಮಗುವಿಗೆ, ಪರಂಪರೆ ಆಮೇಲೆ ನೋಡಿಕೊಳ್ಳೋಣ. 1991ರಲ್ಲಿ ಬರ್ಮಿಂಗ್‌ಹ್ಯಾಮಿನ ಮೈಕೆಲ್ ಗ್ರಿಮ್ಮಿಟ್, ಜಾನ್ ಹಲ್ ಮತ್ತು ಸಂಗಡಿಗರು ಎಳೆಯ ಮಕ್ಕಳಿಗಾಗಿ ಇನ್ನೊಂದು ದಾರಿ ಮಾಡಿದರು. ಗಣೇಶನ ಒಂದು ಮೂರ್ತಿ, ಮಸೀದಿಯ ಬಾಂಗು, ಬೈಬಲಿನ ಯೋನನ ಕಥೆ ಹೀಗೆ ಒಂದೇ ಒಂದು ವಸ್ತುವನ್ನು ಮಕ್ಕಳ ಮುಂದಿಟ್ಟು ನೋಡಲು, ಕೇಳಲು, ಬೆರಗಾಗಲು ಬಿಡುವುದು. ಜೊತೆಗೇ ಇದು ಯಾರಿಗೆ ಪೂಜ್ಯ, ಯಾರಿಗೆ ಅಲ್ಲ ಎಂಬುದನ್ನು ತಿಳಿಹೇಳಿ, ಮಗು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಲು ದಾರಿ ಕೊಡುವುದು. ಹತ್ತಿರ ಹೋಗುವುದೂ ಪಾಠ, ದೂರ ನಿಲ್ಲುವುದೂ ಪಾಠ. ಇಷ್ಟೆಲ್ಲ ಆದಮೇಲೂ, 2024ರಲ್ಲಿ ಅಲ್ಲಿನ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಕೊಟ್ಟ ವರದಿ ಅನೇಕ ಶಾಲೆಗಳಲ್ಲಿ ಈ ಪಾಠಕ್ಕೆ ತಿರುಳು ಸಾಲದು ಎಂದಿತು. ಮೇಲುಮೇಲಿನ ಮಾಹಿತಿ ಮತ್ತು ಒಳ್ಳೆಯ ಮಾತು ಎಲ್ಲೂ ಸಾಕಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇಕಿಲ್ಲ.

ಕರ್ನಾಟಕದ ಶಾಲೆಗೆ ಈ ತಿರುಳಿನ ಕೊರತೆ ಬರಬೇಕಿಲ್ಲ. 2011ರ ಜನಗಣತಿಯ ಪ್ರಕಾರ ಇಲ್ಲಿ ಹಿಂದೂಗಳು ಶೇ 84, ಮುಸ್ಲಿಮರು ಸುಮಾರು ಶೇ 13, ಕ್ರೈಸ್ತರು ಶೇ 2ರ ಹತ್ತಿರ, ಜೈನರು, ಬೌದ್ಧರು, ಸಿಖ್ಖರು ಅದಕ್ಕಿಂತ ಕಡಿಮೆ. ಈ ಅಂಕಿಗಳು ಜನರನ್ನು ಮತ್ತೆ ಡಬ್ಬಿಗೇ ಹಾಕುತ್ತವೆ, ಬದುಕು ಹಾಗಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಒಂದೇ ಜನ, ಮೂರು ಧರ್ಮ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನಾಡಿಗೆಲ್ಲ ಹೆಸರುವಾಸಿ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಂಗೆ, ಕುಣಿ ತೋಡುವುದರಿಂದ ಹಿಡಿದು ಹೆಜ್ಜೆ ಹಾಕುವವರೆಗೆ ಹಿಂದೂಗಳೂ ಮುಂದಾಗಿ ನಿಲ್ಲುತ್ತಾರೆ. ಅಲ್ಲಿನ ಮಗುವಿಗೆ ‘ಮೊಹರಂ ಮುಸ್ಲಿಮರ ಹಬ್ಬ’ ಎಂದು ಒಂದೇ ಸಾಲಿನಲ್ಲಿ ಬರೆಸಿದರೆ ಊರಿನ ಅನುಭವವನ್ನೇ ಅಳಿಸಿದಂತೆ. ಅದನ್ನು ಬರೀ ಸೌಹಾರ್ದದ ಕುಣಿತ ಎಂದು ಬಣ್ಣಿಸಿದರೂ ತಪ್ಪೇ, ಯಾಕೆಂದರೆ ಕರ್ಬಲಾದಲ್ಲಿ ಸತ್ತ ಹುಸೇನರನ್ನು ನೆನೆದು ಶೋಕಿಸುವವರೂ ಅದೇ ಊರಲ್ಲಿರುತ್ತಾರೆ. ಇನ್ನು ಹೊಸ ಭತ್ತದ ಹಬ್ಬ. ಕೊಡಗಿನಲ್ಲಿ ನವೆಂಬರ್-ಡಿಸೆಂಬರಿನ ಹೊತ್ತಿಗೆ ಪುತ್ತರಿ, ಗದ್ದೆಗೆ ಹೋಗಿ ಕದಿರು ಕೊಯ್ದು ಮನೆಗೆ ತರುವುದು. ತುಳುವರ ಮನೆಗಳಲ್ಲಿ ತೆನೆ ತಂದು ಕಟ್ಟಿ ಹೊಸ ಅಕ್ಕಿಯ ಊಟ ಮಾಡುವುದು. ಮಂಗಳೂರು, ಉಡುಪಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಮೇರಿ ಮಾತೆಯ ಹುಟ್ಟುಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೊಯ್ದು ಹೊಸದುಣ್ಣುವುದು. ನಾಲ್ಕನೇ ಕ್ಲಾಸಿನ ಪರಿಸರ ಅಧ್ಯಯನದಲ್ಲಿ ಬೆಳೆ, ಆಹಾರದ ಪಾಠ ಇದ್ದೇ ಇರುತ್ತದೆ. ಆ ಪಾಠದೊಳಗೆ ಈ ಮೂರೂ ಬಂದರೆ, ಭತ್ತ ಒಂದೇ, ಅದನ್ನು ಮನೆಗೆ ತರುವ ರೀತಿ ಬೇರೆ, ಕೃತಜ್ಞತೆ ಸಲ್ಲುವ ದೇವರೂ ಬೇರೆ ಎಂಬುದು ಮಗುವಿಗೆ ತಾನಾಗಿ ಕಾಣುತ್ತದೆ. ಹೋಲಿಕೆಯೂ ನಿಜ, ವ್ಯತ್ಯಾಸವೂ ನಿಜ. ಯಾವುದನ್ನೂ ಒತ್ತಿ ಹೇಳಬೇಕಿಲ್ಲ.

ಗಣಿತದ ಪೀರಿಯಡ್‌ಗೂ ಇಲ್ಲಿ ಕೆಲಸವಿದೆ. ಕ್ರಿಸ್‌ಮಸ್ ಯಾವಾಗಲೂ ಡಿಸೆಂಬರ್ 25ಕ್ಕೇ ಬರುತ್ತದೆ, ಸಂಕ್ರಾಂತಿ ಜನವರಿ 14 ಇಲ್ಲವೇ 15ಕ್ಕೆ. ಯುಗಾದಿ ಒಂದು ವರ್ಷ ಮಾರ್ಚಿನಲ್ಲಿ, ಇನ್ನೊಂದು ವರ್ಷ ಏಪ್ರಿಲಿನಲ್ಲಿ ಬಂದರೂ ಬೇಸಿಗೆ ಬಿಟ್ಟು ಆಚೆ ಹೋಗುವುದಿಲ್ಲ. ರಂಜಾನ್ ಮಾತ್ರ ವರ್ಷದಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಮಳೆಗಾಲ, ಚಳಿಗಾಲ, ಬೇಸಿಗೆಗಳನ್ನೆಲ್ಲ ಸುತ್ತಿ ಬರುತ್ತದೆ. ಐದನೇ ಕ್ಲಾಸಿನ ಮಗು ಇದನ್ನು ತಾನೇ ಲೆಕ್ಕ ಹಾಕಿ ಕಂಡುಹಿಡಿಯಬಲ್ಲದು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ, ಹನ್ನೆರಡು ತಿಂಗಳಿಗೆ 354. ಸೂರ್ಯನ ವರ್ಷಕ್ಕೆ 365. ವ್ಯತ್ಯಾಸ 11. ಯುಗಾದಿಯ ಪಂಚಾಂಗ ಮೂರು ವರ್ಷಕ್ಕೊಮ್ಮೆಯ ಹೊತ್ತಿಗೆ ಅಧಿಕ ಮಾಸ ಸೇರಿಸಿ ಈ ಬಾಕಿ ತೀರಿಸುತ್ತದೆ, ಹಿಜರಿ ಪಂಚಾಂಗ ತೀರಿಸುವುದಿಲ್ಲ, ಅಷ್ಟೇ. ವರ್ಷಕ್ಕೆ 11 ದಿನ ಸರಿದರೆ ರಂಜಾನ್ ಒಂದು ಸುತ್ತು ಮುಗಿಸಲು ಎಷ್ಟು ವರ್ಷ ಬೇಕು ಎಂದು ಕೇಳಿದರೆ ಭಾಗಾಕಾರದ ಒಳ್ಳೆಯ ಲೆಕ್ಕವೂ ಆಯಿತು, ಉತ್ತರ ಸುಮಾರು 33. ಈಸ್ಟರ್‌ಗೂ ಚಂದ್ರನಿಗೂ ನಂಟಿದೆ. ಗುಡ್ ಫ್ರೈಡೆ ವರ್ಷ ವರ್ಷ ಜಾಗ ಬದಲಿಸುವುದು ಅದರಿಂದಲೇ. ಇನ್ನು ಕರಾವಳಿಯ ತುಳುವರು ಹೊಸ ವರ್ಷವನ್ನು ಸೌರಮಾನದ ಲೆಕ್ಕದಲ್ಲಿ, ಏಪ್ರಿಲ್ ನಡುವಿನ ಬಿಸುವಿಗೆ ಆಚರಿಸುತ್ತಾರೆ. ಹಿಂದೂಗಳ ಹೊಸ ವರ್ಷ ಯುಗಾದಿ ಎಂದು ಸಲೀಸಾಗಿ ಬರೆಸುವ ಪಾಠ ಇಲ್ಲಿಯೇ ಎಡವುತ್ತದೆ. ಒಂದೊಂದು ಧರ್ಮದ ಒಳಗೂ ಹಲವು ಬಗೆಗಳಿವೆ ಎಂಬುದು ಪ್ರಾಥಮಿಕ ಶಾಲೆ ಕಲಿಸಬಹುದಾದ ಅತ್ಯಂತ ಉಪಯುಕ್ತ ಸಂಗತಿ ಎಂದು ನನಗನಿಸುತ್ತದೆ. ‘ಅವರೆಲ್ಲ ಹಾಗೇ’ ಎಂಬ ಮಾತು ಹುಟ್ಟುವುದೇ ಆ ತಿಳಿವಳಿಕೆ ಇಲ್ಲದ ಕಡೆ.

ಹಬ್ಬ, ಊಟ, ಪಂಚಾಂಗ ಎಂದು ಬಣ್ಣ ಬಣ್ಣದ್ದನ್ನೇ ತೋರಿಸಿದರೆ ಧರ್ಮದ ಹೆಸರಿನಲ್ಲಿ ನಡೆದ ಅನ್ಯಾಯವನ್ನು ಮುಚ್ಚಿಟ್ಟಂತೆ ಆಗುವುದಿಲ್ಲವೇ? ಆಕ್ಷೇಪಗಳಲ್ಲಿ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುವುದು ಇದು. ಜಾತಿಯನ್ನು ಬಿಟ್ಟು ನಮ್ಮ ಊರುಗಳ ಧರ್ಮದ ಬಗ್ಗೆ ಮಾತಾಡುವುದು ಅರ್ಧ ಸುಳ್ಳು. ದೇವಸ್ಥಾನದ ಒಳಗೆ ಯಾರು ಹೋಗುತ್ತಾರೆ, ಹೊರಗೆ ಯಾರು ನಿಲ್ಲುತ್ತಾರೆ ಎಂಬುದನ್ನು ಎಂಟು ವರ್ಷದ ಮಗು ನೋಡಿರುತ್ತದೆ, ಕೆಲವೊಮ್ಮೆ ತಾನೇ ಹೊರಗೆ ನಿಂತಿರುತ್ತದೆ. ಅದಕ್ಕೆ ಸಿದ್ಧಾಂತ ಬೇಕಿಲ್ಲ, ಘಟನೆ ಸಾಕು. ಬಾಲಕ ಅಂಬೇಡ್ಕರ್ 1901ರಲ್ಲಿ ಅಣ್ಣ ಮತ್ತು ಅಕ್ಕನ ಮಕ್ಕಳೊಡನೆ ತಂದೆಯನ್ನು ನೋಡಲು ಹೊರಟು, ರೈಲು ಇಳಿದ ಮೇಲೆ ದಾರಿಯುದ್ದಕ್ಕೂ ಕುಡಿಯಲು ನೀರು ಸಿಗದೆ ಒದ್ದಾಡಿದ ಪ್ರಸಂಗವನ್ನು ಎನ್‌ಸಿಇಆರ್‌ಟಿ 2006ರ ಸುಮಾರಿಗೆ ಆರನೇ ತರಗತಿಯ ಪುಸ್ತಕದಲ್ಲಿ ಸೇರಿಸಿತು. ಅದೇ ಪುಸ್ತಕ, 2024ರಲ್ಲಿ ಹೊಸದು ಬರುವವರೆಗೆ, ವೈವಿಧ್ಯದ ಪಾಠದಿಂದ ಶುರುವಾಗಿ ಮುಂದಿನ ಪಾಠದಲ್ಲೇ ತಾರತಮ್ಯಕ್ಕೆ ಬರುತ್ತಿತ್ತು. ಆ ಜೋಡಣೆ ಸರಿಯಾದದ್ದು. ಬಾಯಾರಿಕೆ ಎಂದರೇನು ಎಂಬುದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು, ಹಣ ಕೊಟ್ಟರೂ ನೀರಿಲ್ಲ ಎಂದರೆ ಅದು ಅನ್ಯಾಯ ಎಂಬುದೂ ಗೊತ್ತು. ಇಂಥದನ್ನು ಆರನೇ ಕ್ಲಾಸಿನವರೆಗೆ ಕಾಯಿಸಬೇಕಿಲ್ಲ. ಬಸವಣ್ಣ, ಅಕ್ಕ, ಕನಕದಾಸ, ಶಿಶುನಾಳ ಷರೀಫರು ನಮ್ಮ ಕನ್ನಡ ಪುಸ್ತಕಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಅವರನ್ನು ಬರೀ ಭಕ್ತರೆಂದು ಹಾಡಿಸಿ ಬಿಡುವ ಬದಲು, ಅವರು ಯಾರೊಡನೆ ಯಾಕೆ ಜಗಳವಾಡಿದರು ಎಂದು ಕೇಳಿಸಿದರೆ ಧರ್ಮದ ಒಳಗಿನ ವಾದವೂ ಮಗುವಿನ ಕಿವಿಗೆ ಬೀಳುತ್ತದೆ.

ಪೋಷಕರ ಭಯವನ್ನು ಹಗುರವಾಗಿ ಕಾಣಬಾರದು. ಮನೆಯಲ್ಲಿ ಕಲಿಸಿದ್ದಕ್ಕೆ ಶಾಲೆಯಲ್ಲಿ ಧಕ್ಕೆಯಾದೀತು, ಮಗು ಗೊಂದಲಕ್ಕೆ ಬಿದ್ದೀತು ಎಂಬ ಆತಂಕ ಎಲ್ಲ ಧರ್ಮದವರಲ್ಲೂ ಇದೆ. ಕೆನಡದ ಕ್ವಿಬೆಕ್ ಪ್ರಾಂತ ಪ್ರಾಥಮಿಕ ಹಂತದಿಂದಲೇ ನೀತಿ ಮತ್ತು ಧಾರ್ಮಿಕ ಸಂಸ್ಕೃತಿ ಎಂಬ ವಿಷಯವನ್ನು 2008ರಲ್ಲಿ ಕಡ್ಡಾಯ ಮಾಡಿದಾಗ ಕ್ಯಾಥೊಲಿಕ್ ದಂಪತಿಗಳು ಇದೇ ಕಾರಣಕ್ಕೆ ವಿನಾಯಿತಿ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಬೇರೆ ಬೇರೆ ಧರ್ಮಗಳ ಸಂಗತಿ ಮಗುವಿನ ಕಿವಿಗೆ ಬಿದ್ದ ಮಾತ್ರಕ್ಕೆ ಧಾರ್ಮಿಕ ಸ್ವಾತಂತ್ರ್ಯಕ್ಕೆ ಚ್ಯುತಿ ಬರುವುದಿಲ್ಲ ಎಂದು 2012ರಲ್ಲಿ ತೀರ್ಪು ಬಂತು. ನಾರ್ವೆಯ ಕಥೆ ಇದಕ್ಕೆ ವಿರುದ್ಧ. 1997ರಲ್ಲಿ ಅಲ್ಲಿ ತಂದ ಇಂಥದೇ ವಿಷಯದಲ್ಲಿ ಕ್ರೈಸ್ತ ಧರ್ಮದ ಪಾಲು ಹೆಚ್ಚು, ಹೊರಗುಳಿಯಲು ಬಯಸುವ ಪೋಷಕರಿಗೆ ತೊಡಕೂ ಹೆಚ್ಚು. 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 9-8ರ ಕೂದಲೆಳೆಯ ಬಹುಮತದಿಂದ ಪೋಷಕರ ಪರ ತೀರ್ಪಿತ್ತಿತು. ಎರಡು ತೀರ್ಪುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಪೋಷಕರು ಶಾಲೆಯಿಂದ ಏನನ್ನು ಕೇಳಬಹುದು ಎಂಬುದು ತಿಳಿಯುತ್ತದೆ. ತಮ್ಮ ಮಗುವಿಗೆ ಏನನ್ನೂ ತಿಳಿಸಬೇಡಿ ಎಂದು ಕೇಳಲಾಗದು. ತಿಳಿಸುವ ನೆಪದಲ್ಲಿ ಒಂದು ಕಡೆಗೆ ವಾಲಬೇಡಿ ಎಂದು ಖಂಡಿತ ಕೇಳಬಹುದು. ತರಗತಿಯಲ್ಲಿ ಇದು ವಾಕ್ಯದ ಕರ್ತೃವಿನ ಪ್ರಶ್ನೆಯಾಗುತ್ತದೆ. ‘ಅಲ್ಲಾಹನೊಬ್ಬನೇ ದೇವರು ಎಂದು ಮುಸ್ಲಿಮರು ನಂಬುತ್ತಾರೆ’, ‘ಯೇಸು ಮೂರನೆಯ ದಿನ ಎದ್ದುಬಂದ ಎಂದು ಕ್ರೈಸ್ತರು ನಂಬುತ್ತಾರೆ’, ‘ರಾಮ ವಿಷ್ಣುವಿನ ಅವತಾರ ಎಂದು ಅನೇಕ ಹಿಂದೂಗಳು ನಂಬುತ್ತಾರೆ’, ‘ದೇವರೇ ಇಲ್ಲ ಎನ್ನುವವರೂ ನಮ್ಮಲ್ಲಿದ್ದಾರೆ’. ನಾಲ್ಕು ವಾಕ್ಯಗಳೂ ನಿಜ, ನಾಲ್ಕನ್ನೂ ಒಬ್ಬ ಮೇಷ್ಟ್ರು ಯಾವ ಮುಜುಗರವೂ ಇಲ್ಲದೆ ಹೇಳಬಹುದು. ಇವುಗಳಲ್ಲಿ ಯಾವುದು ಸತ್ಯ ಎಂದು ಮಗು ಕೇಳಿಯೇ ಕೇಳುತ್ತದೆ. ‘ಅದನ್ನು ಮನೆಯಲ್ಲಿ ಕೇಳು, ದೊಡ್ಡವನಾದ ಮೇಲೆ ನೀನೇ ಯೋಚಿಸು’ ಎನ್ನುವುದು ಜಾರಿಕೊಳ್ಳುವ ಉತ್ತರ ಎಂದು ಕೆಲವರಿಗೆ ಅನಿಸಬಹುದು. ಸರಕಾರಿ ಶಾಲೆಯ ಸಂಬಳ ಪಡೆಯುವವರಿಗೆ ಅದರಾಚೆ ಹೋಗಲು ಅಧಿಕಾರವೇ ಇಲ್ಲ.

ಇಷ್ಟು ನಾಜೂಕಿನ ಕೆಲಸವನ್ನು ನಮ್ಮ ಶಿಕ್ಷಕರು ಮಾಡಬಲ್ಲರೇ? ಅವರಿಗೂ ಜಾತಿ, ಧರ್ಮ, ಪಕ್ಷ, ವಾಟ್ಸ್ಆ್ಯಪ್ ಗುಂಪು ಎಲ್ಲ ಇವೆ. ಡಿ.ಎಡ್. ಓದುವಾಗ ಗಣಿತ ಬೋಧಿಸುವ ವಿಧಾನ ಕಲಿತಿರುತ್ತಾರೆ, ಬೇರೆ ಧರ್ಮದ ಬಗ್ಗೆ ಎರಡು ಮಾತು ತಪ್ಪಿಲ್ಲದೆ ಆಡುವುದನ್ನು ಯಾರೂ ಅಭ್ಯಾಸ ಮಾಡಿಸಿರುವುದಿಲ್ಲ. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದೇ ಶಿಕ್ಷಕರು ಈಗಲೂ ತರಗತಿಯಲ್ಲಿದ್ದಾರೆ, ಈಗಲೂ ಮಾತಾಡುತ್ತಿದ್ದಾರೆ. ಯಾರೂ ನೋಡದ, ಯಾವ ಪಠ್ಯವೂ ಕಟ್ಟುಹಾಕದ ಮಾತು ಅದು. ಪಾಠ ಬರವಣಿಗೆಯಲ್ಲಿದ್ದರೆ ತಪ್ಪನ್ನು ತೋರಿಸಲಿಕ್ಕಾದರೂ ಆಗುತ್ತದೆ. ಶಿಕ್ಷಕರು ಬದಲಾಗಬಲ್ಲರು ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯನ್ನು ಊರಿನ ಶಿಕ್ಷಕರೇ ಕೂತು, ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಬಂದು, ಕಾರ್ಡುಗಳನ್ನು ಬರೆದು ಕಟ್ಟಿದರು. ಬೆತ್ತ ಹಿಡಿದು ಬೋರ್ಡಿನ ಮುಂದೆ ನಿಲ್ಲುತ್ತಿದ್ದವರು ಮಕ್ಕಳ ಜೊತೆ ನೆಲದ ಮೇಲೆ ಕೂತರು. ಊರಿನ ಹಬ್ಬ, ಊಟ, ಉಡುಪು, ಕಸುಬುಗಳ ಕಾರ್ಡುಗಳನ್ನು ಆಯಾ ಕ್ಲಸ್ಟರಿನ ಶಿಕ್ಷಕರು ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ತಾಯಂದಿರು, ಅಜ್ಜಂದಿರನ್ನು ಕೂರಿಸಿಕೊಂಡು ಬರೆಯಲು ಆಗದ್ದೇನೂ ಇಲ್ಲ. ಇಂಗ್ಲೆಂಡಿನ ನಾಲ್ಕು ಗುಂಪುಗಳ ಪದ್ಧತಿಯ ಹಳ್ಳಿಮಟ್ಟದ ರೂಪ ಇದೇ ಆದೀತು.

ಪಾಠಕ್ಕೊಂದು ಮಿತಿಯಿದೆ ಎಂಬುದನ್ನೂ ಹೇಳಬೇಕು: ಮಕ್ಕಳು ಜೊತೆಗೆ ಕೂತು ಕಲಿಯುವುದನ್ನು ಅದೊಂದೇ ಕಲಿಸಲಾರದು. ದೆಹಲಿಯ ಸಿರಿವಂತರ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಮೀಸಲಿಡಬೇಕಾಗಿ ಬಂದಾಗ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಲ್ಲಿನ ಪ್ರಾಥಮಿಕ ತರಗತಿಗಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಬಡ ಸಹಪಾಠಿಗಳಿದ್ದ ತರಗತಿಯ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಿಕೊಳ್ಳುವಾಗ ವೇಗವಾಗಿ ಓಡುವ ಬಡ ಹುಡುಗನನ್ನು ಬಿಟ್ಟು ನಿಧಾನದ ಶ್ರೀಮಂತ ಹುಡುಗನನ್ನು ಹಿಡಿಯುವುದು ಅವರಲ್ಲಿ ಕಡಿಮೆಯಿತ್ತು. ಆ ಅಧ್ಯಯನ ವರ್ಗದ ಕುರಿತದ್ದು, ಧರ್ಮದ ಕುರಿತದ್ದಲ್ಲ, ಆದರೂ ಒಂದೇ ಬೆಂಚಿನಲ್ಲಿ ಕೂರುವುದು ಮಾಡುವ ಕೆಲಸವನ್ನು ಅದು ಲೆಕ್ಕ ಹಾಕಿ ತೋರಿಸಿತು. ಕರ್ನಾಟಕದಲ್ಲಿ 2019ರಿಂದ, ಹತ್ತಿರದಲ್ಲಿ ಸರಕಾರಿ ಇಲ್ಲವೇ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆಯ, ಅಂದರೆ ಆರ್‌ಟಿಇ ಸೀಟಿನ ಹೊಣೆ ಇಲ್ಲವಾಯಿತು. ಒಬ್ಬರ ಮಕ್ಕಳು ಇನ್ನೊಬ್ಬರ ಮಕ್ಕಳನ್ನು ಕಾಣದಂತೆ ಶಾಲೆಗಳು ಬೇರ್ಪಟ್ಟಷ್ಟೂ ಪಾಠದ ಮೇಲೆ ಭಾರ ಹೆಚ್ಚುತ್ತದೆ, ಪಾಠ ಅಷ್ಟು ಭಾರ ಹೊರಲಾರದು.

ಬೆರೆತ ತರಗತಿಯಲ್ಲೂ ಎಚ್ಚರ ಬೇಕಾದ ಒಂದು ಜಾಗವಿದೆ. ಮೂವತ್ತು ಮಕ್ಕಳಲ್ಲಿ ಒಬ್ಬಳೇ ಮುಸ್ಲಿಂ ಹುಡುಗಿ ಇದ್ದಾಳೆ ಎಂದುಕೊಳ್ಳೋಣ. ರಂಜಾನಿನ ಪಾಠ ಬಂದಾಗ ಟೀಚರ ಕಣ್ಣು ಅವಳ ಕಡೆಗೇ ಹೋಗುತ್ತದೆ, ‘ನೀನೇ ಹೇಳಮ್ಮ’ ಎಂದು ನಿಲ್ಲಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಆ ಮಗುವಿಗೆ ತನ್ನ ಧರ್ಮದ ಬಗ್ಗೆ ಗೊತ್ತಿರುವುದು ಉಳಿದ ಇಪ್ಪತ್ತೊಂಬತ್ತು ಮಕ್ಕಳಿಗೆ ತಮ್ಮ ಧರ್ಮದ ಬಗ್ಗೆ ಗೊತ್ತಿರುವಷ್ಟೇ. ಅವಳನ್ನು ಇಡೀ ಸಮುದಾಯದ ವಕೀಲಳಾಗಿ ನಿಲ್ಲಿಸಿದರೆ, ಅದುವರೆಗೆ ಕುಂಟೆಬಿಲ್ಲೆಯಲ್ಲಿ ಜೊತೆಯಾಗಿದ್ದವಳು ಅಂದಿನಿಂದ ಬೇರೆಯವಳಾಗಿ ಕಾಣುತ್ತಾಳೆ. ಅವಳಾಗಿಯೇ ಹೇಳಬಂದರೆ ಹೇಳಲಿ, ಇಲ್ಲದಿದ್ದರೆ ಕಾರ್ಡಿನಲ್ಲಿರುವ ಇನ್ಯಾವುದೋ ಊರಿನ ಹುಡುಗಿ ಹೇಳಲಿ. ಅಂಕ ಕೊಡುವ ಪ್ರಶ್ನೆಗೂ ಇದೇ ಮಾತು. ಅಮಾವಾಸ್ಯೆಯ ಲೆಕ್ಕಕ್ಕೆ ಅಂಕ ಕೊಡಬಹುದು, ಹೊಸ ಭತ್ತ ಯಾವ ತಿಂಗಳಲ್ಲಿ ಬರುತ್ತದೆ ಎಂಬುದಕ್ಕೂ ಕೊಡಬಹುದು. ‘ನಿಮಗೆ ಯಾವ ಹಬ್ಬ ಇಷ್ಟ, ಯಾಕೆ?’ ಎಂಬ ಪ್ರಶ್ನೆಯನ್ನು ಮಾತ್ರ ಉತ್ತರಪತ್ರಿಕೆಯಿಂದ ಹೊರಗಿಡಬೇಕು. ಅದಕ್ಕೆ ತಪ್ಪು ಉತ್ತರ ಇರುವುದಿಲ್ಲ, ಮಗುವಿಗೆ ಮಾತ್ರ ಇದೆ ಎಂದು ಅನಿಸಿಬಿಡುತ್ತದೆ.